ಗಣಕಯಂತ್ರದ ಬಾಗಿಲಲ್ಲಿ

ಮನೆಗೆ ಬೀಗ ಹಾಕುವ ಪದ್ಧತಿ ಬಹು ಪುರಾತನವಾದುದು. ಗಣಕಯಂತ್ರಕ್ಕೆ ಬೀಗ ಹಾಕುವ ಪದ್ಧತಿಗಾದರೋ ಇನ್ನೂ 70 ವರ್ಷಗಳು ತುಂಬಿಲ್ಲ. ಮೊದಮೊದಲಿನ ಗಣಕಗಳು ಒಂದು ಹೊತ್ತಿಗೆ ಒಬ್ಬರ ಕೆಲಸವನ್ನು ಮಾತ್ರ ಮಾಡುತ್ತಿದ್ದವು. ಯಂತ್ರವಿದ್ದ ಕೋಣೆಗೆ ಬೀಗ ಬಿದ್ದರೆ ಸಾಕಾಗುತ್ತಿತ್ತು. 1961ರ ನವೆಂಬರ್ ತಿಂಗಳಿನಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೊ ಅವರೂ ಅವರ ಸಂಗಡಿಗರೂ ಒಂದೇ ಯಂತ್ರದ ಕಾಲವನ್ನು ಹಲವರಿಗೆ ಹಂಚಿಕೊಡುವ ವ್ಯವಸ್ಥೆಯೊಂದನ್ನು ಪ್ರದರ್ಶಿಸಿದರು. ಹಲವರು ಬಳಸುವ ಯಂತ್ರದಲ್ಲಿ ಒಬ್ಬರ ಬರಹ ಮತ್ತೊಬ್ಬರ ಕೈಗೆ ಸಿಕ್ಕಬಾರದಷ್ಟೆ. ಆದುದರಿಂದ ಪ್ರತಿಯೊಬ್ಬರಿಗೂ ಒಂದೊಂದು ಗುಪ್ತಪದವನ್ನು ಗೊತ್ತುಮಾಡಿದರು. ಇಂದು ಎಲ್ಲರೂ ಪಾಸ್‌ವರ್ಡ್ ಎಂದು ಕರೆಯುವುದು ಇದನ್ನೇ.

ಬೀಗ ಬಂದೊಡನೆಯೇ ಅದನ್ನು ತೆರೆಯುವವನೂ ಬಂದನು. ಅಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿಗೆ ಆ ಯಂತ್ರದಲ್ಲಿ ವಾರಕ್ಕೆ 4 ಗಂಟೆಗಳ ಕಾಲ ಮಾತ್ರ ದೊರೆಯುತ್ತಿತ್ತು. ಅವನ ಕೆಲಸಕ್ಕೆ ಅದು ಏನೇನೂ ಸಾಲದು. 1962ರಲ್ಲಿ ಅವನು ಗುಪ್ತಪದಗಳ ಕಡತವನ್ನೇ ಮುದ್ರಿಸಿಕೊಡಬೇಕೆಂದು ರಂಧ್ರಪತ್ರವೊಂದರ ಮೂಲಕ ಯಂತ್ರವನ್ನು ಕೇಳಿದನು. ಯಂತ್ರವು ಮರುಮಾತಿಲ್ಲದೆ ಮುದ್ರಿಸಿಕೊಟ್ಟಿತು! 1966ರಲ್ಲಿ ಇನ್ನೊಂದು ಸ್ವಾರಸ್ಯ ನಡೆಯಿತು. ಇಬ್ಬರು ನಿರ್ವಾಹಕರು ಒಂದೇ ವೇಳೆಗೆ ಎರಡು ಕಡತಗಳನ್ನು ತಿದ್ದುತ್ತಿರಲು, ಅವು ಅದಲುಬದಲಾದವು. ಅಂದು ಯಂತ್ರವನ್ನು ಪ್ರವೇಶಿಸಿದವರಿಗೆ ದಿನದ ಪ್ರಕಟಣೆಯ ಬದಲಾಗಿ ಸಕಲರ ಗುಪ್ತಪದಗಳ ಪಟ್ಟಿ ಎದುರಾಯಿತು.

ಇಂಥ ಪಟ್ಟಿಯೇ ಇರದಿದ್ದರೆ ಕಳವಾಗುವುದಾದರೂ ಏನು? ಈ ವಿಚಾರದಿಂದಲೇ ಮುಂದಿನ ವ್ಯವಸ್ಥೆ ಹುಟ್ಟಿತು. ಅಕ್ಕಿಯನ್ನು ಬೀಸಿ ಹಿಟ್ಟು ಮಾಡಬಹುದು, ಹಿಟ್ಟನ್ನು ಮತ್ತೆ ಅಕ್ಕಿಯಾಗಿಸಲು ಬಾರದು. ಅದರಂತೆಯೇ ಯಂತ್ರವು ಗುಪ್ತಪದವನ್ನು ಗಣಿತದ ಬೀಸುಕಲ್ಲಿಗೆ ಹಾಕಿ, ಬಂದ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮರುದಿನ ಬಾಗಿಲಿಗೆ ಬಂದವನು ಹೇಳಿದ ಪದವನ್ನು ಮತ್ತೆ ಬೀಸಿ, ಎರಡು ಹಿಟ್ಟುಗಳೂ ಒಂದೇ ಆದರೆ ಒಳಗೆ ಬಿಡುತ್ತದೆ. ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಈ ಕ್ರಮವು ಬೆಳೆದುಬಂದ ಬಗೆಯನ್ನು ಬೆಲ್ ಪ್ರಯೋಗಾಲಯದ ರಾಬರ್ಟ್ ಮೋರಿಸ್ ಮತ್ತು ಕೆನ್ ಥಾಂಪ್ಸನ್ ಅವರು 1979ರ ಲೇಖನವೊಂದರಲ್ಲಿ ವಿವರಿಸಿದ್ದಾರೆ. ಅವರು ಪರೀಕ್ಷಿಸಿದ 3,289 ಗುಪ್ತಪದಗಳಲ್ಲಿ ನೂರಕ್ಕೆ 86ರಷ್ಟು ತೀರ ಚಿಕ್ಕವು ಇಲ್ಲವೆ ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಸಿಗುವಂಥವು. ಹದಿನೈದು ಮಂದಿಯಂತೂ ಒಂದೇ ಒಂದು ಅಕ್ಷರವನ್ನು ಗುಪ್ತಪದವಾಗಿ ಇಟ್ಟುಕೊಂಡಿದ್ದರು.

ಅದೇ ಲೇಖನದಲ್ಲಿ ಒಂದು ಸೂಕ್ಷ್ಮವಾದ ಸಂಗತಿ ಇದೆ. ಬಂದವನ ಹೆಸರು ಸರಿಯಾಗಿದ್ದರೆ ಯಂತ್ರವು ಗುಪ್ತಪದವನ್ನು ಬೀಸಿ ನೋಡುತ್ತಿತ್ತು. ಅದಕ್ಕೆ ಕೊಂಚ ಹೊತ್ತು ಹಿಡಿಯುತ್ತಿತ್ತು. ಹೆಸರೇ ತಪ್ಪಾಗಿದ್ದರೆ ಬೀಸುವ ಗೋಜಿಗೆ ಹೋಗದೆ ಒಡನೆಯೇ ನಿರಾಕರಿಸುತ್ತಿತ್ತು. ಈ ಅಂತರದಿಂದಲೇ ಕಳ್ಳನಿಗೆ ಯಾವ ಹೆಸರು ನಿಜ, ಯಾವುದು ಸುಳ್ಳು ಎಂಬುದು ತಿಳಿದುಬಿಡುತ್ತಿತ್ತು. ಆಮೇಲೆ ಯಂತ್ರವು ಎರಡು ಸಂದರ್ಭಗಳಲ್ಲಿಯೂ ಅಷ್ಟೇ ಹೊತ್ತು ತೆಗೆದುಕೊಳ್ಳುವಂತೆ ತಿದ್ದಿದರು. ಇಂದಿನ ಗಣಕಯಂತ್ರವು ಬಾಗಿಲಲ್ಲಿ ಮಿತಭಾಷಿಯಾಗಿರುವುದಕ್ಕೆ ಇದೇ ಕಾರಣ. ‘ಹೆಸರು ಅಥವಾ ಗುಪ್ತಪದ ಸರಿಯಿಲ್ಲ’ ಎಂದಷ್ಟೇ ಅದು ಹೇಳುತ್ತದೆ. ಯಾವುದು ಸರಿಯಿಲ್ಲವೆಂದು ಹೇಳುವುದಿಲ್ಲ. ಕಳ್ಳನಿಗೆ ಸುಳಿವು ಸಿಕ್ಕಬಾರದೆಂದು ಹೂಡಿದ ಮೌನವಿದು. ಆದರೆ ಆ ಮೌನದಿಂದ ದಿನನಿತ್ಯವೂ ಪೇಚಿಗೆ ಸಿಲುಕುವವನು ಯಂತ್ರದ ಒಡೆಯನೇ.

ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಕಚೇರಿಯನ್ನು ಊಹಿಸಿಕೊಳ್ಳಿ. ನಾಳೆ ಬಟವಾಡೆಯ ದಿನ. ಯಾರು ಎಷ್ಟು ಲೀಟರ್ ಹಾಲು ಹಾಕಿದರು, ಜಿಡ್ಡಿನ ಅಂಶ ಎಷ್ಟು, ಯಾರಿಗೆ ಎಷ್ಟು ಹಣ ಸಲ್ಲಬೇಕು ಎಂಬ ಲೆಕ್ಕವೆಲ್ಲ ಮೇಜಿನ ಮೇಲಿನ ಗಣಕದಲ್ಲಿದೆ. ಕಾರ್ಯದರ್ಶಿ ಎಷ್ಟು ಬಾರಿ ಗುಪ್ತಪದವನ್ನು ಒತ್ತಿದರೂ ಬಾಗಿಲು ತೆರೆಯದು. ಹೊತ್ತು ಏರಿದಂತೆ ಬೆರಳುಗಳ ವೇಗವೂ ಏರುತ್ತದೆ. ಕೊನೆಗೆ ಪೇಟೆಯಿಂದ ಬಂದ ದುರಸ್ತಿಯ ಹುಡುಗನು, “ಫಾರ್ಮ್ಯಾಟ್ ಮಾಡಿಬಿಡೋಣ ಸಾರ್, ಒಂದು ಗಂಟೆ ಕೆಲಸ” ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಯಂತ್ರವೇನೋ ಒಂದು ಗಂಟೆಯಲ್ಲಿ ಹೊಸದಾಗುತ್ತದೆ. ಬೇರೆಡೆ ಪ್ರತಿ ಇಟ್ಟಿರದಿದ್ದರೆ, ಊರಿನವರ ಹಾಲಿನ ಲೆಕ್ಕ ಮಾತ್ರ ಅದರೊಂದಿಗೆ ಅಳಿಸಿಹೋಗುತ್ತದೆ. ಬೀಗದ ಕೈ ತಿರುಗಲಿಲ್ಲವೆಂದು ಮನೆಯನ್ನೇ ಕೆಡಹುವುದುಂಟೆ?

ಮೊದಲು ನೋಡಬೇಕಾದುದು ಅತಿ ಸುಲಭವಾದ ಕಾರಣಗಳನ್ನು. ಗುಪ್ತಪದವನ್ನು ಒತ್ತುವಾಗ ತೆರೆಯ ಮೇಲೆ ಅಕ್ಷರಗಳ ಬದಲು ಚುಕ್ಕೆಗಳು ಮೂಡುತ್ತವೆ. ಕೀಲಿಮಣೆಯ ತಪ್ಪುಗಳೆಲ್ಲ ಈ ಚುಕ್ಕೆಗಳ ಹಿಂದೆ ಅಡಗಿ ಕೂರುತ್ತವೆ. ಕ್ಯಾಪ್ಸ್ ಲಾಕ್ ಕೀಲಿ ಒತ್ತಿಹೋಗಿದ್ದರೆ ಅಕ್ಷರಗಳೆಲ್ಲ ದೊಡ್ಡಕ್ಷರಗಳಾಗುತ್ತವೆ. ನಮ್ ಲಾಕ್ ಆರಿದ್ದರೆ ಬಲಬದಿಯ ಅಂಕಿಗಳು ಬೀಳುವುದೇ ಇಲ್ಲ. ಚುಕ್ಕೆಗಳನ್ನು ಎಣಿಸಿದರೆ ಇದು ತಿಳಿಯುತ್ತದೆ. ಧೂಳು ಹಿಡಿದ ಕೀಲಿ ಒಮ್ಮೆ ಒತ್ತಿದರೆ ಎರಡು ಸಲ ಬೀಳುವುದೂ ಉಂಟು. ಈಚಿನ ಯಂತ್ರಗಳಲ್ಲಿ ಗುಪ್ತಪದದ ಪಕ್ಕದಲ್ಲಿ ಕಣ್ಣಿನ ಚಿತ್ರವೊಂದಿರುತ್ತದೆ. ಬೆನ್ನ ಹಿಂದೆ ಯಾರೂ ಇಲ್ಲದಾಗ ಅದನ್ನು ಒತ್ತಿದರೆ ಬರೆದದ್ದೇನೆಂಬುದು ಕಾಣಿಸುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕು ಉಂಟು. ಲಿನಕ್ಸ್‌ನಂಥ ವ್ಯವಸ್ಥೆಗಳಲ್ಲಿ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಆರಿಸಿಕೊಂಡಿದ್ದರೆ, ಪ್ರವೇಶದ ತೆರೆಯಲ್ಲಿಯೂ ಅದು ಜಾರಿಯಲ್ಲಿರಬಹುದು. ಕಗಪ ವಿನ್ಯಾಸದಲ್ಲಿ ಇಂಗ್ಲಿಷಿನ ‘ಕೆ’ ಎಂಬ ಕೀಲಿಯನ್ನು ಒತ್ತಿದರೆ ಬೀಳುವುದು ಕನ್ನಡದ ‘ಕ’ಕಾರ. ಎರಡಕ್ಕೂ ಕಾಣುವುದು ಒಂದೇ ಚುಕ್ಕೆ! ಬೆರಳಿಗೆ ತಪ್ಪಿಲ್ಲ, ನೆನಪಿಗೆ ತಪ್ಪಿಲ್ಲ, ಆದರೂ ಬಾಗಿಲು ತೆರೆಯದು. ತೆರೆಯ ಒಂದು ಮೂಲೆಯಲ್ಲಿ ಜಾರಿಯಲ್ಲಿರುವ ವಿನ್ಯಾಸದ ಹೆಸರು ಇರುತ್ತದೆ. ಅದನ್ನು ಬದಲಿಸಿದರೆ ತೀರಿತು. ಇಂಗ್ಲಿಷಿನಲ್ಲಿಯೇ ಅಮೆರಿಕದ ವಿನ್ಯಾಸಕ್ಕೂ ಬ್ರಿಟನ್ನಿನ ವಿನ್ಯಾಸಕ್ಕೂ ‘ಆ್ಯಟ್’ ಚಿಹ್ನೆ ಮತ್ತು ಉದ್ಧರಣ ಚಿಹ್ನೆಗಳ ಸ್ಥಾನ ಅದಲುಬದಲಾಗಿದೆ.

ಅವಸರದಿಂದ ಆಗುವ ಕೇಡು ಇದಕ್ಕಿಂತ ದೊಡ್ಡದು. ಕಳ್ಳನು ಸಾವಿರ ಪದಗಳನ್ನು ಒಂದಾದ ಮೇಲೊಂದು ಪ್ರಯತ್ನಿಸಬಾರದೆಂದು ಅನೇಕ ವ್ಯವಸ್ಥೆಗಳು ತಪ್ಪುಗಳನ್ನು ಎಣಿಸುತ್ತಿರುತ್ತವೆ. ಲಿನಕ್ಸ್‌ನ ಫೇಲ್‌ಲಾಕ್ ಎಂಬ ಘಟಕವು, ನಿರ್ವಾಹಕರು ಬೇರೆ ಮಿತಿಯನ್ನು ಗೊತ್ತುಮಾಡದಿದ್ದರೆ, 3 ತಪ್ಪುಗಳಿಗೆ 10 ನಿಮಿಷಗಳ ಕಾಲ ಬಾಗಿಲು ಮುಚ್ಚುತ್ತದೆ. 2022ರ ಆವೃತ್ತಿಯಿಂದ ಈಚೆಗೆ ಹೊಸದಾಗಿ ಸ್ಥಾಪಿಸಿದ ವಿಂಡೋಸ್ 11ರಲ್ಲಿ 10 ತಪ್ಪುಗಳಿಗೆ 10 ನಿಮಿಷಗಳ ತಡೆ ಇದೆ. ಆ ಅವಧಿಯಲ್ಲಿ ಸರಿಯಾದ ಗುಪ್ತಪದವನ್ನು ಕೊಟ್ಟರೂ ಯಂತ್ರ ಒಪ್ಪದು. ಕಾರ್ಯದರ್ಶಿಯು ನಾಲ್ಕನೆಯ ಬಾರಿ ಸರಿಯಾಗಿಯೇ ಬರೆದು, ಅದೂ ತಿರಸ್ಕೃತವಾದುದನ್ನು ಕಂಡು, ‘ಇದಲ್ಲವೆಂದು ಕಾಣುತ್ತದೆ’ ಎಂದು ಸರಿಯಾದ ಪದವನ್ನೇ ಕೈಬಿಟ್ಟಿರಲೂ ಬಹುದು. ಆಗ ಮಾಡಬೇಕಾದ ಕೆಲಸವೆಂದರೆ ಕೈ ತೆಗೆದು ಕಾಲು ಗಂಟೆ ಸುಮ್ಮನಿರುವುದು. ಇದು ಹೇಳಿದಷ್ಟು ಸುಲಭವಲ್ಲ.

ದೊಡ್ಡ ಕಚೇರಿಗಳಲ್ಲಿ ಯಂತ್ರಗಳೆಲ್ಲ ಒಂದು ಜಾಲಕ್ಕೆ ಸೇರಿರುತ್ತವೆ. ಬಂದವರ ಗುರುತನ್ನು ಪರೀಕ್ಷಿಸುವುದು ಬೇರೊಂದು ಕೇಂದ್ರಯಂತ್ರ. ಈ ಪರೀಕ್ಷೆಗೆ ಹಲವೆಡೆ ಬಳಕೆಯಲ್ಲಿರುವ ಕೆರ್ಬರಾಸ್ ಎಂಬ ಕ್ರಮವು 1980ರ ದಶಕದಲ್ಲಿ ಅದೇ ಮೆಸಾಚುಸೆಟ್ಸ್ ಸಂಸ್ಥೆಯಲ್ಲಿ ರೂಪುಗೊಂಡಿತು. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರದು. ಹಳೆಯ ಸಂದೇಶವನ್ನು ಕದ್ದು ಮತ್ತೆ ಬಳಸಬಾರದೆಂದು ಇದು ಗಡಿಯಾರವನ್ನೂ ನೋಡುತ್ತದೆ. ಎರಡು ಯಂತ್ರಗಳ ವೇಳೆಯಲ್ಲಿ ಸಾಮಾನ್ಯವಾಗಿ 5 ನಿಮಿಷಗಳಿಗಿಂತ ಹೆಚ್ಚು ಅಂತರ ಬಂದರೆ ಪ್ರವೇಶವಿಲ್ಲ. ಗಣಕದೊಳಗೆ ಗಡಿಯಾರವನ್ನು ನಡೆಸಲು ನಾಣ್ಯದಂಥ ಪುಟ್ಟ ಬ್ಯಾಟರಿ ಇರುತ್ತದೆ. ಅದು ಸತ್ತುಹೋದರೆ, ವಿದ್ಯುತ್ತು ಹೋಗಿ ಬಂದ ಮೇಲೆ ಯಂತ್ರವು ಹಲವು ವರ್ಷ ಹಿಂದಿನ ದಿನಾಂಕವನ್ನು ತೋರಿಸುವುದುಂಟು. ಗುಪ್ತಪದವನ್ನು ಹತ್ತು ಸಲ ಬದಲಾಯಿಸಿದರೂ ಪ್ರಯೋಜನವಾಗದ ಕಡೆ, ಅಗ್ಗದ ಬ್ಯಾಟರಿಯೊಂದು ಕೆಲಸ ಮಾಡಿಕೊಡುತ್ತದೆ.

ಇದುವರೆಗೆ ಹೇಳಿದ್ದು ಬಾಗಿಲಲ್ಲಿಯೇ ತಡೆದ ಪ್ರಸಂಗಗಳು. ಒಳಗೆ ಬಿಟ್ಟು ಮತ್ತೆ ಹೊರಗೆ ತಳ್ಳುವ ಪ್ರಸಂಗವೂ ಉಂಟು. ಗುಪ್ತಪದ ತಪ್ಪೆಂದು ಯಂತ್ರ ಹೇಳುವುದಿಲ್ಲ. ತೆರೆ ಒಂದು ಕ್ಷಣ ಕಪ್ಪಾಗಿ, ಪ್ರವೇಶದ ಪುಟವೇ ಮರಳಿ ಬರುತ್ತದೆ. ಈ ಎರಡರ ಭೇದವನ್ನು ಗಮನಿಸಿದವನು ಅರ್ಧ ಗೆದ್ದಂತೆ. ಇಲ್ಲಿ ಬೀಗ ತೆರೆದಿದೆ, ಒಳಗೆ ಕಾಲಿಡಲು ಸ್ಥಳವಿಲ್ಲ ಎಂದು ತಿಳಿಯಬೇಕು. ಲಿನಕ್ಸ್‌ನಲ್ಲಿ ತಟ್ಟೆ ಪೂರ್ತಿ ತುಂಬಿಹೋಗಿದ್ದರೆ ಹೀಗಾಗುತ್ತದೆ. ಬಳಕೆದಾರನ ಮನೆಕಡತದಲ್ಲಿರುವ ಎಕ್ಸ್‌ಅಥಾರಿಟಿ ಎಂಬ ಚಿಕ್ಕ ಕಡತದ ಒಡೆತನವು ಹೇಗೋ ನಿರ್ವಾಹಕನ ಹೆಸರಿಗೆ ಹೋಗಿದ್ದರೂ ಹೀಗೆಯೇ. ಕಂಟ್ರೋಲ್, ಆಲ್ಟ್, ಎಫ್ 3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಚಿತ್ರಗಳಿಲ್ಲದ, ಬರಿಯ ಅಕ್ಷರಗಳ ತೆರೆಯೊಂದು ತೆರೆದುಕೊಳ್ಳುತ್ತದೆ. ಅದೊಂದು ಹಿತ್ತಿಲ ಬಾಗಿಲು. ಅಲ್ಲಿ ಪ್ರವೇಶಿಸಿ, ತಟ್ಟೆಯಲ್ಲಿ ಎಷ್ಟು ಸ್ಥಳ ಉಳಿದಿದೆಯೆಂದು ನೋಡಿ, ಬೇಡದ್ದನ್ನು ತೆಗೆದರೆ ಮುಂಬಾಗಿಲೂ ತೆರೆಯುತ್ತದೆ. ವಿಂಡೋಸ್‌ನಲ್ಲಿ ಬಳಕೆದಾರನ ವಿವರಗಳು ಕೆಟ್ಟಿದ್ದರೆ ಯಂತ್ರವು ಅವನನ್ನು ತಾತ್ಕಾಲಿಕ ಕೋಣೆಯೊಂದಕ್ಕೆ ಬಿಡುತ್ತದೆ. ಅಲ್ಲಿ ಅವನ ಕಡತಗಳೊಂದೂ ಕಾಣದೆ ಎದೆ ಧಸಕ್ಕೆನ್ನುತ್ತದೆ. ಆದರೆ ಸಾಮಾನ್ಯವಾಗಿ ಅವು ‘ಸಿ’ ವಿಭಾಗದ ಯೂಸರ್ಸ್ ಎಂಬ ಕೋಶದಲ್ಲಿ ಮೊದಲಿನಂತೆಯೇ ಇರುತ್ತವೆ.

ಗುಪ್ತಪದವನ್ನು ನಿಜವಾಗಿಯೂ ಮರೆತವನ ಗತಿ ಏನು? ಹಿಟ್ಟಿನಿಂದ ಅಕ್ಕಿ ಬಾರದಾದ್ದರಿಂದ ನಿರ್ವಾಹಕನೂ ಹಳೆಯ ಪದವನ್ನು ತಿಳಿಸಲಾರ. ಹೊಸದನ್ನು ಕೊಡಬಲ್ಲ, ಅಷ್ಟೆ. ತಟ್ಟೆಯ ಬರಹವನ್ನೇ ಗೂಢಲಿಪಿಗೆ ತಿರುಗಿಸಿರದಿದ್ದರೆ, ಅದನ್ನು ಬಿಚ್ಚಿ ಇನ್ನೊಂದು ಗಣಕಕ್ಕೆ ಜೋಡಿಸಿ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಫಾರ್ಮ್ಯಾಟಿನ ಮಾತೇನಿದ್ದರೂ ಅದರ ನಂತರ. ಬಿಟ್‌ಲಾಕರ್‌ನಂಥ ವ್ಯವಸ್ಥೆಯಿಂದ ತಟ್ಟೆ ಗೂಢಲಿಪಿಯಲ್ಲಿದ್ದರೆ 48 ಅಂಕಿಗಳ ಮರುಪ್ರಾಪ್ತಿ ಕೀಲಿ ಬೇಕಾಗುತ್ತದೆ. ಆ ಅಂಕಿಗಳ ಹಾಳೆಯು ಸಂಘದ ಕಬ್ಬಿಣದ ಬೀರುವಿನಲ್ಲಿ, ನಡವಳಿ ಪುಸ್ತಕದ ಜೊತೆಗೆ ಇದ್ದರೆ ಬಟವಾಡೆ ನಾಳೆಯೇ ನಡೆದೀತು. ಅದು ಅದೇ ಯಂತ್ರದೊಳಗಿನ ಕಡತವೊಂದರಲ್ಲಿ ಮಾತ್ರ ಇದ್ದರೆ, ಕಾರ್ಯದರ್ಶಿಯು ಹಾಲು ಹಾಕುವವರ ಕೈಯಲ್ಲಿರುವ ಚೀಟಿಗಳನ್ನು ಮನೆಮನೆಯಿಂದ ತರಿಸಿ ಲೆಕ್ಕವನ್ನು ಮೊದಲಿನಿಂದ ಬರೆಯಬೇಕಾಗುತ್ತದೆ.