ಓಟ್ಸ್ ಬಿದ್ದ ಮಾತ್ರಕ್ಕೆ ಪಥ್ಯವಾಗದು

ಮಕ್ಕಳೇ, ನೀವು ಮನೆಯಲ್ಲೇ ಬೇಕಿಂಗ್ ಕಲಿಯುತ್ತಿದ್ದೀರಿ ಎಂದರೆ ನನಗೆ ಸಂತೋಷವೇ. ಹತ್ತು ನಿಮಿಷಕ್ಕೆ ತಿಂಡಿ ಬಾಗಿಲಿಗೆ ಬಂದು ಬೀಳುವ ಈ ಕಾಲದಲ್ಲಿ ಬೆಣ್ಣೆ ತೂಗಿ, ಓವನ್ ಬಿಸಿ ಮಾಡಿ, ಮುಕ್ಕಾಲು ಗಂಟೆ ಕಾದು ಕೂರುವುದು ಸಣ್ಣ ಮಾತಲ್ಲ. ನನಗೆ ಕಸಿವಿಸಿಯಾಗುವುದು ಬೇರೆ ಕಾರಣಕ್ಕೆ. ಓಟ್ಸ್ ಬಾರ್ ಮಾಡಿ, ಮೇಲೆ ದಪ್ಪಗೆ ಫ್ರಾಸ್ಟಿಂಗ್ ಬಳಿದು, ‘ಇದು ಹೆಲ್ದಿ’ ಎನ್ನುತ್ತಾ ಬೆಳಗಿನ ತಿಂಡಿಗೇ ಎರಡು ತುಂಡು ತಿನ್ನುತ್ತೀರಲ್ಲ, ಅದಕ್ಕೆ.

ನಾವು ಬೆಳೆಯುವಾಗ ಸಕ್ಕರೆ ರೇಷನ್ ಕಾರ್ಡಿನ ಮೇಲೆ ಸಿಗುತ್ತಿತ್ತು. ಹಬ್ಬಕ್ಕೆ ಬೇಕೆಂದು ಮನೆಯ ಹೆಂಗಸರು ತಿಂಗಳಿಡೀ ಕಾಫಿಗೆ ಕಡಿಮೆ ಹಾಕಿ ಡಬ್ಬಿಯಲ್ಲಿ ಉಳಿಸಿಡುತ್ತಿದ್ದರು. ಆ ಕಾಲ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ತುಪ್ಪಕ್ಕೆ ವನಸ್ಪತಿ ಬೆರೆಸಿ ಮಾರುತ್ತಿದ್ದ ಕಾಲವೂ ಅದೇ. ಆದರೆ ಹೋಳಿಗೆ ಮಾಡಬೇಕೆಂದರೆ ಹೂರಣವನ್ನು ಒರಳಲ್ಲಿ ರುಬ್ಬಬೇಕಿತ್ತು, ರಟ್ಟೆ ಸೋಲುತ್ತಿತ್ತು. ಹಾಗಾಗಿ ವಾರವಾರವೂ ಯಾರೂ ಮಾಡುತ್ತಿರಲಿಲ್ಲ. ಮಾಡಿದ ದಿನ ಹೊಟ್ಟೆ ತುಂಬ ತಿಂದೆವು, ನಿಜ. ಬೇಳೆ ಇದೆ, ಪ್ರೋಟೀನ್ ಸಿಗುತ್ತದೆ ಎಂದು ನೆಪ ಹೇಳಿಕೊಂಡು ಮಾತ್ರ ತಿನ್ನಲಿಲ್ಲ.

ನೀವು ನೋಡಿ ಮಾಡುವ ಈ ಬಾರ್ ಎಲ್ಲಿಂದ ಬಂತು ಎಂದು ಸ್ವಲ್ಪ ಯೋಚಿಸಿ. ಮಿನೆಸೋಟ, ಅಯೋವಾದಂಥ ಅಮೆರಿಕದ ನಡುಭಾಗದ ರಾಜ್ಯಗಳಲ್ಲಿ ಚರ್ಚಿನ ಸಹಭೋಜನಕ್ಕೆ, ಶಾಲೆಯ ಸಹಾಯಾರ್ಥ ಮಾರಾಟಕ್ಕೆ ಮನೆಮನೆಯವರೂ ಏನಾದರೊಂದು ಮಾಡಿ ತರುವ ರೂಢಿಯಿದೆ. ಕುಕ್ಕಿಗಳನ್ನು ಒಂದೊಂದಾಗಿ ಉಂಡೆ ಕಟ್ಟಲು ಬೇಸರಪಟ್ಟವರಿಗೆ ಬಾರ್ ಸಲೀಸು. ಹಿಟ್ಟನ್ನು ಒಂದೇ ಟ್ರೇಯಲ್ಲಿ ಒತ್ತಿ, ಬೇಯಿಸಿ, ನಮ್ಮ ಕೊಬ್ಬರಿ ಮಿಠಾಯಿಯ ಹಾಗೆ ಚಾಕುವಿನಿಂದ ಗೆರೆ ಎಳೆದು ಕತ್ತರಿಸಿದರೆ ಮುಗಿಯಿತು. ಅವರ ಟ್ರೇ 9 ಇಂಚು ಅಗಲ, 13 ಇಂಚು ಉದ್ದ. 24 ತುಂಡು, ಅಂದರೆ ಇಪ್ಪತ್ತು ಮಂದಿಗೆ ಸಾಕಾಗುವಷ್ಟು. ಅದೇ ಅಳತೆಯನ್ನು ನೀವು ಇಬ್ಬರೋ ಮೂವರೋ ಇರುವ ಫ್ಲಾಟಿನಲ್ಲಿ ಮಾಡುತ್ತೀರಿ. ಉಳಿದದ್ದು ಫ್ರಿಜ್ಜಿನಲ್ಲಿ. ರಾತ್ರಿ ಹನ್ನೊಂದಕ್ಕೆ ಫ್ರಿಜ್ಜಿನ ಬಾಗಿಲು ತೆರೆಯುವ ಕೈ ಯಾರದು ಎಂದು ನಾನು ಹೇಳಬೇಕಿಲ್ಲ.

ಒಂದು ಸಲ ಕಾಗದ ಹಿಡಿದು ಲೆಕ್ಕ ಹಾಕಿ. ಅಂಥ ಒಂದು ಟ್ರೇಗೆ ಮೂರು ಕಪ್ ಓಟ್ಸ್, ಸುಮಾರು 270 ಗ್ರಾಂ. ಬುಡಕ್ಕೆ 200 ಗ್ರಾಂ ಬ್ರೌನ್ ಶುಗರ್, ಫ್ರಾಸ್ಟಿಂಗಿಗೆ 240 ಗ್ರಾಂ ಐಸಿಂಗ್ ಶುಗರ್. ಬೆಣ್ಣೆಯ ಮಾತು ಪಕ್ಕಕ್ಕಿರಲಿ. ಒಂದು ತುಂಡಿಗೆ 11 ಗ್ರಾಂ ಓಟ್ಸ್, 18 ಗ್ರಾಂ ಸಕ್ಕರೆ. ಓಟ್ಸಿನಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರು ಕೊಲೆಸ್ಟರಾಲ್ ಇಳಿಸುತ್ತದೆ ಎಂಬುದೇನೂ ಸುಳ್ಳಲ್ಲ. ದಿನಕ್ಕೆ ಆ ನಾರು 3 ಗ್ರಾಂ ಹೊಟ್ಟೆಗೆ ಹೋದರೆ ಹೃದಯಕ್ಕೆ ಒಳ್ಳೆಯದಾಗಬಹುದು ಎಂದು ಓಟ್ಸ್ ಡಬ್ಬಿಯ ಮೇಲೆ ಹೇಳಿಕೊಳ್ಳಲು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲೇ ಒಪ್ಪಿಗೆ ಕೊಟ್ಟಿದೆ. ಆದರೆ ಅಷ್ಟು ನಾರಿಗೆ ಕಡಿಮೆಯೆಂದರೂ 60 ಗ್ರಾಂ ಓಟ್ಸ್ ಬೇಕು. ಈ ಬಾರ್‌ನಿಂದಲೇ ಅದನ್ನು ಪಡೆಯುತ್ತೇನೆಂದರೆ ಐದಾರು ತುಂಡು ತಿನ್ನಬೇಕು, ಜೊತೆಗೆ ನೂರು ಗ್ರಾಂ ಸಕ್ಕರೆಯೂ ಒಳಗೆ ಹೋಗುತ್ತದೆ. ಮೇಲಿನಿಂದ ಹಾಕುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಹೃದಯದ ಹೆಸರು ಹೇಳಿಕೊಂಡು ಯಾರಿಗೆ ಉಪಚಾರ ಮಾಡುತ್ತಿದ್ದೀರಿ?

ಬೆಲ್ಲ ಹಾಕಿದ್ದೇನೆ ಎನ್ನುವವರಿಗೂ ಒಂದು ಮಾತು. ಬೆಲ್ಲಕ್ಕೆ ರುಚಿಯಿದೆ, ಪರಿಮಳವಿದೆ. ಆದರೆ ಅದರ ಬಹುಪಾಲು ಸಕ್ಕರೆಯೇ. ಸಕ್ಕರೆ ಕಾಯಿಲೆಯಿರುವ ಅಪ್ಪನಿಗೆ ‘ಬೆಲ್ಲದ್ದು, ಏನೂ ಆಗಲ್ಲ’ ಎಂದು ಒತ್ತಾಯ ಮಾಡಬೇಡಿ. ಪ್ರೀತಿಯಿಂದ ಕೊಟ್ಟರೆ ಅವರು ಬೇಡ ಎನ್ನುವುದಿಲ್ಲ, ಅದೇ ನನ್ನ ಭಯ.

ಹಾಗಾದರೆ ಮಾಡಲೇಬಾರದೇ? ಮಾಡಿ. ಆದರೆ ಎಂಟು ಇಂಚಿನ ಚೌಕ ಟ್ರೇ ಕೊಂಡುಕೊಳ್ಳಿ, ಒಂದು ಡಿಜಿಟಲ್ ತಕ್ಕಡಿಯನ್ನೂ. ಕಾಫಿ ಲೋಟದಲ್ಲಿ ಅಳೆದು, ರೀಲ್ಸ್ ನೋಡಿಕೊಂಡು ಅಂದಾಜಿಗೆ ಸುರಿಯುವ ಅಭ್ಯಾಸ ಬಿಡಿ. 150 ಗ್ರಾಂ ರೋಲ್ಡ್ ಓಟ್ಸ್, 60 ಗ್ರಾಂ ಗೋಧಿಹಿಟ್ಟು, ಚಿಟಿಕೆ ಉಪ್ಪು, ಕಾಲು ಚಮಚ ಅಡುಗೆ ಸೋಡ. 110 ಗ್ರಾಂ ಬೆಣ್ಣೆ ಕರಗಿಸಿ, 90 ಗ್ರಾಂ ಬ್ರೌನ್ ಶುಗರ್ ಅಥವಾ ಬೆಲ್ಲದ ಪುಡಿ ಕಲಸಿ, ಒಣ ಪದಾರ್ಥಗಳಿಗೆ ಸೇರಿಸಿ. ಬಟರ್ ಪೇಪರ್ ಹಾಸಿದ ಟ್ರೇಗೆ ಬಟ್ಟಲಿನ ತಳದಿಂದ ಗಟ್ಟಿಯಾಗಿ ಒತ್ತಿ; ಸಡಿಲವಾಗಿ ಬಿಟ್ಟರೆ ಕತ್ತರಿಸುವಾಗ ಪುಡಿಯಾಗುತ್ತದೆ. ಮೊದಲೇ 180 ಡಿಗ್ರಿಗೆ ಬಿಸಿಯಾದ ಓವನ್‌ನಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಅಂಚು ಕೆಂಪಾದರೆ ಸಾಕು. ನಡುವೆ ಇನ್ನೂ ಮೆತ್ತಗಿದೆ ಎಂದು ಮತ್ತೆ ಒಳಗಿಡಬೇಡಿ, ಆರುವಾಗ ತಾನೇ ಗಟ್ಟಿಯಾಗುತ್ತದೆ.

ಆರುವ ತನಕ ಕಾಯುವುದೇ ನಿಮಗೆ ಕಷ್ಟ, ನನಗೆ ಗೊತ್ತು. ಆದರೂ ಕಾಯಿರಿ. ಬೆಣ್ಣೆ 32ರಿಂದ 35 ಡಿಗ್ರಿಯೊಳಗೆ ಕರಗುವ ವಸ್ತು. ಬಿಸಿ ಬಾರ್ ಮೇಲೆ ಹಚ್ಚಿದ ಬಟರ್‌ಕ್ರೀಮ್ ಹರಿದು ಬದಿಗೆ ಇಳಿಯುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಂತೂ ಆರಿದ ಮೇಲೂ ನಿಲ್ಲುವುದಿಲ್ಲ. ಆಗ ಕೆಲವರು ಬಿಸಿಲಿಗೂ ಜಗ್ಗದ ಅಂಗಡಿಯ ನಾನ್-ಡೈರಿ ಕ್ರೀಮ್ ತರುತ್ತಾರೆ. ಅದು ಜಗ್ಗದಿರುವುದು ಸಾಮಾನ್ಯವಾಗಿ ಗಟ್ಟಿಗೊಳಿಸಿದ ತಾಳೆ ಜಾತಿಯ ಎಣ್ಣೆಯಿಂದ. ನಮ್ಮ ದೇಶದಲ್ಲಿ 2022ರಿಂದ ಎಣ್ಣೆ, ಕೊಬ್ಬಿನ ಪದಾರ್ಥಗಳಲ್ಲಿ ಟ್ರಾನ್ಸ್ ಫ್ಯಾಟ್ ಶೇ. 2ನ್ನು ಮೀರಬಾರದೆಂಬ ನಿಯಮ ಬಂದಿದೆ, ಒಳ್ಳೆಯದೇ ಆಯಿತು. ಹಾಗೆಂದು ಪೊಟ್ಟಣದ ಹಿಂಬದಿ ಓದುವುದನ್ನು ಬಿಡಬೇಡಿ. ಸ್ಯಾಚುರೇಟೆಡ್ ಕೊಬ್ಬು ಹಾಗೇ ಇರುತ್ತದೆ. ಅದರ ಬದಲು 100 ಗ್ರಾಂ ಡಾರ್ಕ್ ಚಾಕಲೇಟನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ, ಎರಡು ಚಮಚ ಕಡಲೆಕಾಯಿ ಬೆಣ್ಣೆ ಕಲಸಿ, ತೆಳ್ಳಗೆ ಹರಡಿ ಫ್ರಿಜ್ಜಿನಲ್ಲಿಡಿ. ಹದಿನಾರು ತುಂಡು ಮಾಡಿದರೆ ಒಂದಕ್ಕೆ ಎಂಟು ಗ್ರಾಂ ಆಸುಪಾಸು ಸಕ್ಕರೆ. ಆಗಲೂ ಅದು ಸಿಹಿತಿಂಡಿಯೇ. ಊಟವಾದ ಮೇಲೆ ಒಂದು ತುಂಡು ತಿನ್ನಿ, ಬೆಳಗಿನ ತಿಂಡಿಗೆ ಬೇಡ.

ಮಿಕ್ಕ ತುಂಡುಗಳನ್ನು ಅದೇ ಸಂಜೆ ಹಂಚಿಬಿಡಿ. ಆಫೀಸಿಗೆ ಒಯ್ಯಿರಿ, ಗೇಟಿನ ವಾಚ್‌ಮನ್‌ಗೆ ಕೊಡಿ, ಹೆಸರೂ ಗೊತ್ತಿಲ್ಲದ ಎದುರು ಮನೆಯವರ ಬೆಲ್ ಒತ್ತಿ. ಹಿಂದೆ ಹೋಳಿಗೆಯ ತಟ್ಟೆ ಹಾಗೇ ಬೀದಿ ದಾಟುತ್ತಿತ್ತು, ತಟ್ಟೆಯನ್ನು ಬರಿದಾಗಿ ಯಾರೂ ಹಿಂದಿರುಗಿಸುತ್ತಿರಲಿಲ್ಲ. ಅವರೂ ಡಬ್ಬಿಯಲ್ಲಿ ಏನಾದರೂ ಹಾಕಿ ಕೊಟ್ಟರೆ ಡಯಟ್ ಎಂದು ಮುಖ ತಿರುಗಿಸಬೇಡಿ. ಚಕ್ಕುಲಿಯಾದರೆ ಎರಡು ತಿನ್ನಿ.