ದೂಧಗಂಗೆಯ ದಂಡೆಯ ಸುಳಕೂಡ: ಒಂದು ಕೃಷಿಗ್ರಾಮದ ನೆಲ, ನೀರು, ನುಡಿ

ಗ್ರಾಮವೊಂದರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅದನ್ನಾಳಿದ ಅರಸರಿಂದ ಆರಂಭಿಸುತ್ತಾರೆ. ಕೃಷಿಯನ್ನೇ ನಂಬಿದ ಊರಿನ ಮಟ್ಟಿಗೆ ಈ ಕ್ರಮ ಸಾಲದು. ಅಲ್ಲಿನ ಬೆಳೆಯನ್ನೂ ವಸತಿಯನ್ನೂ ಜಗಳವನ್ನೂ ರೂಪಿಸಿದ್ದು ಮಣ್ಣು ಮತ್ತು ನೀರು. ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲ್ಲೂಕಿನ ಸುಳಕೂಡದ ಹೆಸರು ಇತ್ತೀಚಿನ ವರ್ಷಗಳಲ್ಲಿ ನೀರಿನ ವಿವಾದವೊಂದರಿಂದಾಗಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಆ ವಿವಾದವನ್ನು ಅರಿಯಬೇಕಾದರೆ ಊರಿನ ಭೂಗೋಳವನ್ನೂ ಚರಿತ್ರೆಯನ್ನೂ ಕೂಡಿಸಿ ಓದಬೇಕಾಗುತ್ತದೆ.

ನದಿ ಮತ್ತು ನೆಲ

ಸುಳಕೂಡವಿರುವುದು ದೂಧಗಂಗಾ ನದಿಯ ದಂಡೆಯಲ್ಲಿ. ಸಹ್ಯಾದ್ರಿಯಲ್ಲಿ ಹುಟ್ಟುವ ಈ ನದಿ ರಾಧಾನಗರಿ ಮತ್ತು ಕಾಗಲ ತಾಲ್ಲೂಕುಗಳನ್ನು ಹಾಯ್ದು ಬೆಳಗಾವಿ ಜಿಲ್ಲೆಯನ್ನು ಪ್ರವೇಶಿಸುತ್ತದೆ. ನಿಪ್ಪಾಣಿ ಸೀಮೆಯಲ್ಲಿ ವೇದಗಂಗೆಯನ್ನು ಕೂಡಿಕೊಂಡು, ಸದಲಗಾ ಭಾಗದಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತದೆ. ಪಶ್ಚಿಮದ ಘಟ್ಟಪ್ರದೇಶದಲ್ಲಿ ಮಳೆ ಹೇರಳ, ಮಣ್ಣು ಕೆಂಪು. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತದೆ, ಮಣ್ಣು ಕಪ್ಪಾಗುತ್ತದೆ. ಆದುದರಿಂದ ಕೆಳದಂಡೆಯ ಊರುಗಳ ಬಾಳು ತಮ್ಮ ಮೇಲೆ ಸುರಿದ ಮಳೆಗಿಂತ ಘಟ್ಟದ ಮೇಲೆ ಸುರಿದ ಮಳೆಯನ್ನೇ ಹೆಚ್ಚಾಗಿ ಅವಲಂಬಿಸಿದೆ.

ಆ ಮಳೆಯನ್ನು ಹಿಡಿದಿಡುವುದು ಕಾಳಮ್ಮವಾಡಿಯ ಅಣೆಕಟ್ಟು. ಅದರ ಸಾಮರ್ಥ್ಯ ಸುಮಾರು 25 ಟಿ.ಎಂ.ಸಿ. ಈ ಯೋಜನೆಯ ನೀರಿನಲ್ಲಿ ಕರ್ನಾಟಕಕ್ಕೂ ಪಾಲುಂಟು. ಅಣೆಕಟ್ಟಿನ ಕೆಳಗೆ ನದಿಗೆ ಅಡ್ಡಲಾಗಿ ‘ಕೊಲ್ಹಾಪುರ ಮಾದರಿ’ ಎಂದೇ ಪ್ರಸಿದ್ಧವಾದ ಬಾಂದಾರಗಳಿವೆ. ಕಲ್ಲಿನ ಕಂಬಗಳ ನಡುವೆ ಮಳೆಗಾಲದ ಕೊನೆಯಲ್ಲಿ ಹಲಗೆಗಳನ್ನಿಳಿಸಿ ನೀರನ್ನು ನಿಲ್ಲಿಸುತ್ತಾರೆ. ಮುಂಗಾರಿಗೆ ಮುನ್ನ ಅವನ್ನು ತೆಗೆದು ಪ್ರವಾಹಕ್ಕೆ ದಾರಿ ಬಿಡುತ್ತಾರೆ. ನಿಂತ ನೀರನ್ನು ಪಂಪುಗಳಿಂದ ಮೇಲೆತ್ತಿ ಕಬ್ಬಿಗೆ ಹಾಯಿಸುತ್ತಾರೆ. ಕಬ್ಬು ಹನ್ನೆರಡರಿಂದ ಹದಿನೆಂಟು ತಿಂಗಳು ನೆಲದಲ್ಲಿರುವ ಬೆಳೆ. ಬೇಸಿಗೆಯನ್ನು ದಾಟದೆ ಅದು ಕೈಗೆ ಬರಲಾರದು. ಇಲ್ಲಿನ ರೈತನಿಗೆ ಏಪ್ರಿಲ್, ಮೇ ತಿಂಗಳ ನೀರೇ ವರ್ಷದ ಆದಾಯವನ್ನು ನಿರ್ಣಯಿಸುವುದು ಇದರಿಂದಾಗಿ.

ಶಾಸನಗಳು ಹೇಳುವುದು

ಹನ್ನೆರಡನೆಯ ಶತಮಾನದಲ್ಲಿ ಈ ಸೀಮೆ ಕೊಲ್ಹಾಪುರದ ಶಿಲಾಹಾರರ ಆಳ್ವಿಕೆಯಲ್ಲಿತ್ತು. ಕಾಗಲದ ಸಮೀಪದ ಬಾಮಣಿಯಲ್ಲಿ ದೊರೆತ ವಿಜಯಾದಿತ್ಯನ ಶಾಸನ ಶಕವರ್ಷ 1073ರದು. ಅದರ ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಕಾಮಗಾವುಂಡನು ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ಹೊಲ, ಹೂದೋಟ, ಮನೆಗಳನ್ನು ದಾನವಿತ್ತ ಸಂಗತಿ ಅದರಲ್ಲಿದೆ. ದಾನದ ಹೊಲವನ್ನು ಅಳೆದದ್ದು ಕೂಂಡಿಯ ಅಳತೆಯಿಂದ. ಕೂಂಡಿಯೆಂದರೆ ಇಂದಿನ ಬೆಳಗಾವಿ ಭಾಗದಲ್ಲಿ ಸವದತ್ತಿಯ ರಟ್ಟರು ಆಳಿದ ನಾಡು. ಅರಸುಮನೆತನಗಳು ಬೇರೆಯಾಗಿದ್ದರೂ ನೆಲವನ್ನಳೆಯುವ ಕೋಲು ಒಂದೇ ಆಗಿತ್ತೆಂಬುದು ಗಮನಿಸತಕ್ಕ ಅಂಶ. ‘ನೇಮಿನಾಥಪುರಾಣ’ವನ್ನು ರಚಿಸಿದ ಕರ್ಣಪಾರ್ಯನಿಗೆ ಆಶ್ರಯವಿತ್ತವನು ಇದೇ ವಿಜಯಾದಿತ್ಯನ ಮಂತ್ರಿ ಲಕ್ಷ್ಮನೆಂಬುದನ್ನು ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳು ನೆನೆಯಬಹುದು.

ಗಡಿಯ ಗೆರೆ

ಆಧುನಿಕ ಕಾಲದಲ್ಲಿ ಕಾಗಲವೂ ಇಚಲಕರಂಜಿಯೂ ಕೊಲ್ಹಾಪುರ ಸಂಸ್ಥಾನಕ್ಕೆ ಅಧೀನವಾದ ಜಹಗೀರುಗಳಾಗಿದ್ದವು. ಕಾಗಲದ ಘಾಟಗೆ ಮನೆತನದಿಂದ 1884ರಲ್ಲಿ ದತ್ತಕವಾಗಿ ಬಂದವರೇ ಶಾಹೂ ಮಹಾರಾಜರು. ಭೋಗಾವತಿಗೆ ರಾಧಾನಗರಿಯಲ್ಲಿ ಅಣೆಕಟ್ಟು ಕಟ್ಟಿಸಲು ತೊಡಗಿದವರೂ, ಬೆಲ್ಲದ ಪೇಟೆಯಾಗಿ ಶಾಹೂಪುರಿಯನ್ನು ಬೆಳೆಸಿದವರೂ ಅವರೇ. ಸಂಸ್ಥಾನವು 1949ರ ಮಾರ್ಚಿ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆಗ ದೂಧಗಂಗೆಯ ಮೇಲುಹರಿವೂ ಕೆಳಹರಿವೂ ಒಂದೇ ಆಡಳಿತದಲ್ಲಿದ್ದವು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಂದಿನಿಂದ ಒಂದೇ ನದಿಯ ಊರುಗಳು ಎರಡು ರಾಜ್ಯಗಳ ಊರುಗಳಾದವು. ಆದರೂ ಗಡಹಿಂಗ್ಲಜದ ಹೆಬ್ಬಾಳ, ಮುತ್ನಾಳ, ಅರಳಗುಂಡಿಗಳಂಥ ಊರುಹೆಸರುಗಳು ಗೆರೆಯ ಆಚೆಗೂ ನಿಂತಿವೆ. ಇಂಥ ಹೆಸರುಗಳನ್ನು ಚರಿತ್ರೆಯ ಆಕರವಾಗಿ ಬಳಸುವ ದಾರಿಯನ್ನು ಶಂಬಾ ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ತೋರಿಸಿದ್ದಾರೆ.

ಇಂದಿನ ವಿವಾದ

ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗ ನಡೆದದ್ದು 1904ರಲ್ಲಿ. ಅಲ್ಲಿಂದ ಬೆಳೆದ ನೇಕಾರಿಕೆಯ ನಗರದ ಜನಸಂಖ್ಯೆ 2011ರ ಗಣತಿಯ ವೇಳೆಗೆ 2.87 ಲಕ್ಷ. ಅದರ ಬಳಿಯೇ ಹರಿಯುವ ಪಂಚಗಂಗೆ ಕೊಳಚೆಯಿಂದಲೂ ಬಣ್ಣದ ನೀರಿನಿಂದಲೂ ಕಲುಷಿತವಾಗಿದೆ. 2012ರಲ್ಲಿ ನಗರವು ಕಾಮಾಲೆಯ ಹಾವಳಿಗೆ ತುತ್ತಾಯಿತು. ವಾರಣಾ ನದಿಯಿಂದ ನೀರು ತರುವ ಯೋಜನೆಗೆ ದಾನೋಳಿಯ ಕಡೆಯಿಂದ ವಿರೋಧ ಬಂದ ಬಳಿಕ ಸುಳಕೂಡದಲ್ಲಿ ದೂಧಗಂಗೆಯಿಂದ ನೀರೆತ್ತುವ ಯೋಜನೆ ರೂಪುಗೊಂಡಿತು. ಕೇಂದ್ರದ ಅಮೃತ್ 2.0ರ ಅಡಿಯಲ್ಲಿ ಇದಕ್ಕೆ ಸುಮಾರು 160 ಕೋಟಿ ರೂಪಾಯಿ ಮಂಜೂರಾಯಿತು. ಕಾಗಲ ಭಾಗದ ರೈತರು ಇದನ್ನು ಬಲವಾಗಿ ವಿರೋಧಿಸಿದರು.

ಇಲ್ಲಿ ಒಂದು ಕಡೆಯನ್ನು ಸುಲಭವಾಗಿ ದೂಷಿಸುವಂತಿಲ್ಲ. ಮಗ್ಗದ ಕಾರ್ಮಿಕನ ಮನೆಗೆ ಬೇಕಾದುದು ಕುಡಿಯುವ ನೀರು. ಅದು ಮೊದಲ ಹಕ್ಕು. ರೈತನ ಭಯವೂ ಕಾರಣವಿಲ್ಲದ್ದಲ್ಲ. ನಗರ ನೀರನ್ನು ಹನ್ನೆರಡು ತಿಂಗಳೂ ಎತ್ತುತ್ತದೆ. ಬಾಂದಾರ ಬತ್ತುವುದು ಬೇಸಿಗೆಯಲ್ಲಿ. ಇನ್ನೂ ಕೆಳಗೆ, ಗಡಿಯಾಚೆ, ಅದೇ ಹರಿವನ್ನು ಕಾಯುವ ಸದಲಗಾ ಸೀಮೆಯ ಊರುಗಳಿವೆ. ಪಂಚಗಂಗೆಯನ್ನು ಶುದ್ಧವಾಗಿ ಉಳಿಸಿಕೊಳ್ಳಲಾಗದ ಸೋಲಿನ ಭಾರವು ಇನ್ನೊಂದು ನದಿಯ ಮೇಲೆ ಬಿದ್ದಿದೆಯೆಂಬುದೇ ಈ ವಿವಾದದ ತಿರುಳು.

ಅಭ್ಯಾಸಕ್ಕೆ

ಭಾಷೆಯನ್ನು ಓದುವವರಿಗೆ ಇಲ್ಲಿ ಕೆಲಸವಿದೆ. ಕೂರಿಗೆ, ಕುಂಟೆ, ಗಾಣ, ಕೊಪ್ಪರಿಗೆ, ಕಾಕಂಬಿ ಮುಂತಾದ ಪದಗಳು ಹೊಲ ಮತ್ತು ಬೆಲ್ಲದ ಕೆಲಸದೊಡನೆ ಬದುಕಿದವು. ಕನ್ನಡದ ಕಾಕಂಬಿಯೂ ಮರಾಠಿಯ ಕಾಕವಿಯೂ ಒಂದೇ ಒಲೆಯ ಮುಂದೆ ಕೇಳಿಬರುತ್ತವೆ. ಬೆಳೆ ಬದಲಾದರೆ, ಗಾಣ ನಿಂತರೆ, ಇವೂ ಮರೆಯಾಗುತ್ತವೆ. ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರಿಂದ ಹೊಲಗಳ ಹೆಸರು, ಮಣ್ಣಿನ ಬಗೆ, ನೀರಿನ ಸರದಿಗೆ ಸಂಬಂಧಿಸಿದ ಮಾತುಗಳನ್ನು ಕೇಳಿ ಬರೆದುಕೊಳ್ಳಲಿ. ಪ್ರತಿ ಪದದ ಎದುರಿಗೆ ಅದನ್ನು ಹೇಳಿದವರ ವಯಸ್ಸು, ಕಸುಬು, ಮನೆಮಾತುಗಳನ್ನು ನಮೂದಿಸಲಿ. ಸುಳಕೂಡದಂಥ ಊರಿನ ಚರಿತ್ರೆಗೆ ಶಾಸನದಷ್ಟೇ ಈ ಪಟ್ಟಿಯೂ ಆಧಾರವಾಗಬಲ್ಲದು.