ಕೆಚ್ಚಲು ಬಾವಿನ ಮದ್ದು, ಮನುಷ್ಯರ ಕೊನೆಯ ಮದ್ದು



ರಾತ್ರಿ ಒಂದು ಗಡಿಗೆ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಮೊಸರು. ಆ ಚಮಚದಲ್ಲಿದ್ದ ಬ್ಯಾಕ್ಟೀರಿಯಾ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಿದ್ದರ ಫಲ ಅದು. ಕೆಚ್ಚಲು ಬಾವು ತರುವ ರೋಗಾಣುಗಳು ಬೆಳೆಯುವುದೂ ಹೀಗೆಯೇ. ಅವುಗಳಲ್ಲಿ ಒಂದಾದ ಇ. ಕೋಲಿ, ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ.

ಪ್ರತಿ ಸಲ ಇಮ್ಮಡಿಯಾಗುವಾಗಲೂ ಅದು ತನ್ನ ವಂಶವಾಹಿಗಳನ್ನು ನಕಲು ಮಾಡಬೇಕು. ಕೋಟಿಗಟ್ಟಲೆ ನಕಲುಗಳಲ್ಲಿ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಇದಕ್ಕೆ ಉತ್ಪರಿವರ್ತನೆ ಎಂದು ಹೆಸರು. ಇಂಥ ಬಹುಪಾಲು ತಪ್ಪುಗಳಿಂದ ರೋಗಾಣುವಿಗೆ ಲಾಭವಿಲ್ಲ. ಅಪರೂಪಕ್ಕೊಂದು ಮಾತ್ರ ಔಷಧದಿಂದ ಪಾರಾಗುವ ದಾರಿ ಕೊಡುತ್ತದೆ.

‘ಸೂಜಿ ಮಾಡಿಸಿ ಮಾಡಿಸಿ ರೋಗಕ್ಕೆ ರೂಢಿಯಾಗಿದೆ’ ಎನ್ನುತ್ತೇವಲ್ಲ, ಅದು ಪೂರ್ತಿ ಸರಿಯಲ್ಲ. 1952ರಲ್ಲಿ ಅಮೆರಿಕದ ವಿಜ್ಞಾನಿ ಎಸ್ತರ್ ಲೆಡರ್‌ಬರ್ಗ್ ಮತ್ತು ಅವರ ಪತಿ ಜೋಶುವಾ ಒಂದು ಸರಳ ಪ್ರಯೋಗ ಪ್ರಕಟಿಸಿದರು. ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಮೇಲೆ ಮಖಮಲ್ ಬಟ್ಟೆ ಒತ್ತಿ, ಸೀರೆಗೆ ಅಚ್ಚು ಹಾಕಿದಂತೆ, ಅದೇ ಬಟ್ಟೆಯನ್ನು ಔಷಧ ಬೆರೆಸಿದ ಬೇರೆ ತಟ್ಟೆಗಳಿಗೆ ಒತ್ತಿದರು. ಎಲ್ಲ ತಟ್ಟೆಗಳಲ್ಲೂ ಒಂದೇ ಜಾಗದಲ್ಲಿದ್ದವು ಬದುಕಿದವು. ಅಂದರೆ ಔಷಧ ತಾಗುವ ಮೊದಲೇ ಅವು ಗಟ್ಟಿಯಾಗಿದ್ದವು. ಔಷಧ ಅವಕ್ಕೆ ಏನನ್ನೂ ಕಲಿಸಲಿಲ್ಲ; ಉಳಿದವನ್ನು ಕೊಂದು ಅವು ಬೆಳೆಯಲು ಜಾಗ ಮಾಡಿಕೊಟ್ಟಿತು, ಅಷ್ಟೆ. ಬೇಕಿಲ್ಲದಾಗ ಹಾಕಿಸಿದ ಪ್ರತಿ ಸೂಜಿ ಮಾಡುವ ಕೆಲಸವೂ ಇದೇ.

ಈಗ ಕೊಲಿಸ್ಟಿನ್ ವಿಷಯ. ಮೂತ್ರಪಿಂಡಕ್ಕೆ ಕೆಡುಕು ಎಂದು ವೈದ್ಯರು ಬದಿಗಿಟ್ಟಿದ್ದ ಹಳೆಯ ಔಷಧ ಇದು. ಬೇರೆ ಔಷಧಗಳು ಸೋಲತೊಡಗಿದ ಮೇಲೆ ತೀವ್ರ ನಿಗಾ ಘಟಕದ ರೋಗಿಗಳಿಗೆ ಕೊನೆಯ ಆಸರೆಯಾಗಿ ಅದನ್ನೇ ಮತ್ತೆ ಹೊರತೆಗೆಯಬೇಕಾಯಿತು. ಕೊಲಿಸ್ಟಿನ್‌ನಲ್ಲಿ ಧನ ವಿದ್ಯುದಂಶವಿದೆ, ರೋಗಾಣುವಿನ ಹೊರಪೊರೆಯಲ್ಲಿ ಋಣ. ಹಾಗಾಗಿ ಔಷಧ ಪೊರೆಗೆ ಅಂಟಿ ಅದನ್ನು ಹರಿಯುತ್ತದೆ. ಕ್ಲೆಬ್ಸಿಯೆಲ್ಲಾ ಎಂಬ ರೋಗಾಣುವಿನಲ್ಲಿ ಎಂಜಿಆರ್‌ಬಿ ಎಂಬ ಪುಟ್ಟ ವಂಶವಾಹಿ ಕೆಟ್ಟರೆ ಸಾಕು, ಪೊರೆಯ ಋಣ ಅಂಶ ತಗ್ಗಿ ಔಷಧ ಅಂಟುವುದೇ ಇಲ್ಲ. ಕ್ಲೆಬ್ಸಿಯೆಲ್ಲಾ ನಮಗೆ ದೂರದ್ದಲ್ಲ. ಆಕಳಿಗೆ ಕೆಚ್ಚಲು ಬಾವು, ಮನುಷ್ಯರಿಗೆ ನ್ಯುಮೋನಿಯಾ, ಎರಡನ್ನೂ ತರುತ್ತದೆ.

2015ರಲ್ಲಿ ಚೀನಾದಿಂದ ಇನ್ನೂ ಕೆಟ್ಟ ಸುದ್ದಿ ಬಂತು. ಹಂದಿ, ಮಾಂಸ ಮತ್ತು ರೋಗಿಗಳಲ್ಲಿ ಎಂಸಿಆರ್-1 ಎಂಬ ವಂಶವಾಹಿ ಸಿಕ್ಕಿತ್ತು. ನೆರೆಮನೆಯಿಂದ ಹೆಪ್ಪು ಕಡ ತಂದಂತೆ ಒಂದು ರೋಗಾಣು ಇನ್ನೊಂದರಿಂದ ಇದನ್ನು ಪಡೆಯಬಲ್ಲದು. ಅಲ್ಲಿ ಪ್ರಾಣಿಗಳ ಮೈ ಬೆಳೆಯಲೆಂದು ಮೇವಿನಲ್ಲೇ ಕೊಲಿಸ್ಟಿನ್ ಬೆರೆಸುತ್ತಿದ್ದರು. ನಮ್ಮಲ್ಲೂ ಕೋಳಿ ಸಾಕಣೆಯಲ್ಲಿ ಅದರ ಬಳಕೆಯಿತ್ತು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನು ಮತ್ತು ಪಶು ಆಹಾರಕ್ಕೆ ಕೊಲಿಸ್ಟಿನ್ ತಯಾರಿಕೆ, ಮಾರಾಟ, ವಿತರಣೆ ನಿಷೇಧಿಸಿತು. ಹಿತ್ತಲಿನ ಕೋಳಿಗೋ ಕರುವಿಗೋ ಯಾರಾದರೂ ಪುಡಿ ಕೊಟ್ಟರೆ ಚೀಟಿ ಓದಿಸಿ ನೋಡಿ. ಆ ಹೆಸರಿದ್ದರೆ ಬೇಡವೆನ್ನಿ.

ಹಾಗಂತ ಕೆಚ್ಚಲು ಬಾವಿಗೆ ಮದ್ದೇ ಬೇಡವೆಂದಲ್ಲ. ಕೆಚ್ಚಲು ಊದಿ, ಹಾಲು ಗಟ್ಟಿಗಟ್ಟಿಯಾಗಿ ಬಂದರೆ ತಡ ಮಾಡದೆ ಪಶು ವೈದ್ಯರನ್ನು ಕರೆಯಿರಿ. ಯಾವ ಔಷಧ, ಎಷ್ಟು ದಿನ ಎಂದು ಕೇಳಿ. ಎರಡನೇ ದಿನ ಬಾವು ಇಳಿಯಿತೆಂದು ನೀವೇ ನಿಲ್ಲಿಸಬೇಡಿ. ಕಳೆದ ಸಲ ಉಳಿದ ಟ್ಯೂಬನ್ನು ಪಕ್ಕದ ಮನೆಯ ಎಮ್ಮೆಗೆ ಕೊಡಬೇಡಿ.

ಟ್ಯೂಬ್ ಏರಿಸಿದ್ದು ಒಂದೇ ತೊಟ್ಟಿಗಾದರೂ ವೈದ್ಯರು ಹೇಳಿದಷ್ಟು ದಿನ ನಾಲ್ಕೂ ತೊಟ್ಟಿನ ಹಾಲು ಸಂಘಕ್ಕೆ ಬೇಡ, ಮನೆಗೂ ಬೇಡ. ಔಷಧ ರಕ್ತದ ಮೂಲಕ ಉಳಿದ ತೊಟ್ಟುಗಳಿಗೂ ಹೋಗುತ್ತದೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂಡುವುದಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾವೂ ಸಾಯುತ್ತವೆ. ಬಟವಾಡೆಯಲ್ಲಿ ಅಷ್ಟು ದಿನದ ದುಡ್ಡು ಕಡಿಮೆಯಾಗುವುದು ನಿಜ, ಸಣ್ಣ ನಷ್ಟವೂ ಅಲ್ಲ. ಚೆಲ್ಲಲು ಮನಸ್ಸು ಬಾರದೆ ಕರುವಿಗೆ ಕುಡಿಸುವವರೇ ಹೆಚ್ಚು. ಆದರೆ ಆ ಹಾಲಿನಲ್ಲಿರುವ ಅಲ್ಪ ಔಷಧ ಕರುವಿನ ಹೊಟ್ಟೆಯೊಳಗೆ ಅದೇ ಮಖಮಲ್ ಬಟ್ಟೆಯ ಪ್ರಯೋಗ ನಡೆಸುತ್ತದೆ.

ಬಾವು ಬಾರದಂತೆ ನೋಡಿಕೊಳ್ಳುವುದು ಇದೆಲ್ಲಕ್ಕಿಂತ ಅಗ್ಗ. ಹಿಂಡಿದ ನಂತರ ತೊಟ್ಟಿನ ರಂಧ್ರ ಮುಚ್ಚಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ದನ ಮಲಗದಂತೆ, ಹಿಂಡಿದ ಮೇಲೆಯೇ ಮೇವು ಹಾಕಿ.